ಸಿಮೆಂಟಿನ ಬಂಡೆ ಕಟ್ಟುವವರಿಗೆ

ಸ್ನೇಹಿತರೇ,

ಮೃಗಾಲಯದಲ್ಲಿ ಹುಲಿ ಮಲಗುವ ಬಂಡೆ, ವಾಟರ್ ಪಾರ್ಕಿನ ಗುಹೆ, ಮಕ್ಕಳು ಹತ್ತಿ ಆಡುವ ಡೈನೋಸಾರ್. ಇವನ್ನೆಲ್ಲ ಯಾರೋ ಕೈಯಾರೆ ಕಟ್ಟಿ, ಕೆತ್ತಿ, ಬಣ್ಣ ಹಚ್ಚಿರುತ್ತಾರೆ. ಈ ಕೆಲಸ ನಂಬಿ ಬದುಕಬಹುದಾ ಅಂತ ಹಲವರು ಕೇಳುತ್ತೀರಿ. ಖಂಡಿತ ಬದುಕಬಹುದು. ಆದರೆ ಕಲಿಕೆ ಒಳಗಿನ ಕಂಬಿಯಿಂದ ಶುರುವಾಗಬೇಕು.

ಕಸುಬು ಹಳೆಯದೇ. 1867ರಲ್ಲಿ ಫ್ರಾನ್ಸಿನ ತೋಟಗಾರ ಜೋಸೆಫ್ ಮೊನಿಯೆ, ಕಬ್ಬಿಣ ಹುದುಗಿಸಿದ ಸಿಮೆಂಟಿನ ಗಿಡದ ತೊಟ್ಟಿಗಳಿಗೆ ಪೇಟೆಂಟ್ ಪಡೆದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ತೆರೆದ ಬ್ಯುತ್ ಶೋಮೋ ಉದ್ಯಾನದಲ್ಲಿ ಕೃತಕ ಗುಹೆಯಿದೆ, ಮರದ ಕೊಂಬೆಯಂತೆ ಕಾಣುವ ಸಿಮೆಂಟಿನ ಕಟಕಟೆಗಳಿವೆ.

ಈಗ ಕಂಬಿಯ ಮಾತು. ಮೊದಲು ಕಂಬಿ ಬಗ್ಗಿಸಿ ಅಸ್ಥಿಪಂಜರ ಕಟ್ಟುತ್ತೇವೆ. ಅದಕ್ಕೆ ಜಾಲರಿ ಬಿಗಿಯುತ್ತೇವೆ. ಒಂದು ಒರಟು ಪದರ ಗಾರೆ ಮೆತ್ತಿ, ಅದರ ಮೇಲೆ ಕೆತ್ತುವ ಪದರ ಕೊಡುತ್ತೇವೆ. ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2,400 ಕೆಜಿ ತೂಗುತ್ತದೆ. ಬರೀ 5 ಸೆಂಟಿಮೀಟರ್ ದಪ್ಪದ ಸಿಪ್ಪೆಯೇ ಚದರ ಮೀಟರಿಗೆ 120 ಕೆಜಿ ಆಯಿತು. ಗುಹೆಯ ಚಾವಣಿ ಅಂದರೆ ಅಷ್ಟು ಭಾರ ಜನರ ತಲೆಯ ಮೇಲೆ! ಜನ ಹತ್ತುವ, ಕೆಳಗೆ ನಡೆಯುವ ಯಾವ ರಚನೆಗೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಬೇಕೇ ಬೇಕು. ಇದರಲ್ಲಿ ನನ್ನದು ಹಟ.

ಕಂಬಿ ಮೇಲ್ಮೈಗೆ ತೀರಾ ಹತ್ತಿರ ಬಂದರೆ ನೀರು, ಗಾಳಿ ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತದೆ. ಒಳಗಿಂದ ಒತ್ತಿ ಕಾಂಕ್ರೀಟನ್ನೇ ಸೀಳುತ್ತದೆ. ಉಪ್ಪಿನಂಶದ ಮರಳು ಹಾಕಿದರೆ ಇದು ಇನ್ನೂ ಬೇಗ ಆಗುತ್ತದೆ. ಕ್ಯೂರಿಂಗ್, ಅಂದರೆ ಗಾರೆ ಗಟ್ಟಿಯಾಗುವ ತನಕ ನೀರುಣಿಸಿ ಒದ್ದೆಯಾಗಿಡುವ ವಿಷಯವೂ ಹೀಗೇ. ಕನಿಷ್ಠ 7 ದಿನ ತೇವ ಆರಬಾರದು. ಬಣ್ಣದ ಆತುರಕ್ಕೆ ಇದನ್ನು ಬಿಟ್ಟರೆ ಮೈಯೆಲ್ಲ ಕೂದಲೆಳೆ ಬಿರುಕು.

ಕೆತ್ತನೆಗೆ ಸಿಗುವುದು ಕೆಲವೇ ಗಂಟೆ. ಗಾರೆ ತೀರಾ ಹಸಿ ಇದ್ದರೆ ಜಾರುತ್ತದೆ, ಗಟ್ಟಿಯಾದರೆ ಕರಣಿಗೆ ಬಗ್ಗಲ್ಲ. ಹಾಗಾಗಿ ಏನು ಕೆತ್ತಬೇಕು ಅನ್ನುವುದು ಮೊದಲೇ ಕಣ್ಣಲ್ಲಿರಬೇಕು. ನಿಜವಾದ ಬಂಡೆ ಮುಂದೆ ಕೂತು ಚಿತ್ರ ಬರೆಯಿರಿ. ಪದರಗಳು ಯಾವ ಕಡೆಗೆ ವಾಲಿವೆ? ಬಿರುಕು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ? ನೀರಿನ ಕಲೆ ಎಲ್ಲಿಂದ ಇಳಿದಿದೆ? ಹೊಸಬರು ಎಲ್ಲ ಕಡೆ ಒಂದೇ ಸಮ ಗೀರುತ್ತಾರೆ. ನಿಜವಾದ ಬಂಡೆಯಲ್ಲಿ ಸುಮ್ನೆ ಬೋಳಾಗಿರುವ ಜಾಗಗಳೂ ಬೇಕಾದಷ್ಟಿರುತ್ತವೆ, ಅಲ್ವಾ?

ಮೊದಲ ಒಂದೆರಡು ವರ್ಷ ಒಳ್ಳೆಯ ತಂಡದ ಜೊತೆ ಇರಿ. ವೆಲ್ಡಿಂಗ್, ಗಾರೆ, ಬಣ್ಣ ಮೂರನ್ನೂ ಮುಟ್ಟಿ ನೋಡಿ. ಕೈಗವಸು, ಮಾಸ್ಕ್ ಬಿಡಬೇಡಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಒಣ ಕಾಂಕ್ರೀಟ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹಾಳು ಮಾಡುತ್ತದೆ, ಆ ಹಾನಿ ವಾಪಸ್ ಸರಿಯಾಗಲ್ಲ.

ಗಿರಾಕಿಗೆ ತೋರಿಸುವ ಆಲ್ಬಮ್ಮಿನಲ್ಲಿ ಮುಗಿದ ಕೆಲಸದ ಫೋಟೋ ಎಲ್ಲರೂ ಇಡುತ್ತಾರೆ. ನೀವು ಕಂಬಿ ಕಟ್ಟಿದ ಹಂತದ ಫೋಟೋಗಳನ್ನೂ ಇಡಿ. ಕೆಲಸ ತಿಳಿದ ಆರ್ಕಿಟೆಕ್ಟ್ ಮೊದಲು ನೋಡುವುದು ಅದನ್ನೇ. ಒಪ್ಪಂದಕ್ಕೆ ಮುಂಚೆ ಸಣ್ಣ ಮಣ್ಣಿನ ಮಾದರಿ, ಬಣ್ಣ ಹಚ್ಚಿದ ಒಂದು ತುಂಡು ಮಾಡಿ ಒಪ್ಪಿಗೆ ಪಡೆಯಿರಿ. ಹಣ ಹಂತ ಹಂತವಾಗಿ ಬರಲಿ: ಮಾದರಿಗೆ, ಕಂಬಿಗೆ, ಕೆತ್ತನೆಗೆ, ಬಣ್ಣಕ್ಕೆ. ಬಣ್ಣದ ಮೇಲೆ ಕಾಪಿಗೆ ಹಚ್ಚುವ ಲೇಪ, ಅಂದರೆ ಸೀಲರ್, ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. ಅದು ಯಾರ ಖರ್ಚು ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಿ.