ಕೈ ನಡುಗಿದರೆ ಕಳ್ಳನೇ?

ಕೇಳುಗರಿಗೆ ನಮಸ್ಕಾರ.

ನನಗಾಗ 19 ವರ್ಷ. ಮಂಗಳೂರಿನ ಬಂದರಿನಲ್ಲಿ ಒಂದು ಜೀನಸಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಒಂದು ಸಂಜೆ ಗಲ್ಲಾಪೆಟ್ಟಿಗೆಯಲ್ಲಿ 540 ರೂಪಾಯಿ ಕಡಿಮೆ ಬಂತು. "ನೀನು ತೆಗೆದೆಯಾ ಮಾರಾಯ?" ಅಂತ ಧಣಿಗಳು ಕೇಳಿದರು. ನಾನು ತೆಗೆದಿರಲಿಲ್ಲ. ಆದರೂ ಗಂಟಲು ಒಣಗಿತು. ಕಿವಿ ಬಿಸಿಯಾಯಿತು. "ಇಲ್ಲ" ಅನ್ನುವಾಗ ಸ್ವರ ನಡುಗಿತು. "ಮುಖದಲ್ಲೇ ಗೊತ್ತಾಗ್ತದೆ" ಅಂದುಬಿಟ್ಟರು.

ಮುಂದೆ ನಾನು ಮನಶ್ಶಾಸ್ತ್ರ ಓದಿ, ಅದನ್ನೇ ಕಲಿಸುವ ಕೆಲಸಕ್ಕೆ ಸೇರಿದೆ. ಪಾಲಿಗ್ರಾಫ್ ಪಾಠ ಬಂದಾಗಲೆಲ್ಲ ಆ ಸಂಜೆ ನೆನಪಾಗುತ್ತಿತ್ತು. ಪೇಪರಿನಲ್ಲಿ ಸುಳ್ಳು ಪತ್ತೆ ಯಂತ್ರ ಅಂತ ಬರೆಯುತ್ತಾರಲ್ಲ, ಅದೇ.

1921ರಲ್ಲಿ ಅಮೆರಿಕದ ಬರ್ಕ್‌ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ಇದಕ್ಕೊಂದು ರೂಪ ಕೊಟ್ಟರು. ಎದೆಗೆ, ಹೊಟ್ಟೆಗೆ ಕೊಳವೆಯಂಥ ಪಟ್ಟಿ ಸುತ್ತುತ್ತಾರೆ, ಉಸಿರು ನೋಡಲು. ತೋಳಿಗೆ ಬಿಪಿ ನೋಡುವ ಪಟ್ಟಿ. ಎರಡು ಬೆರಳಿಗೆ ಲೋಹದ ಬಿಲ್ಲೆ, ಬೆವರು ತಿಳಿಯಲು. ಸುಳ್ಳನ್ನೇ ಅಳೆಯುವ ಭಾಗ ಅದರಲ್ಲಿ ಒಂದೂ ಇಲ್ಲ!

ಬೆವರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮೂರಿನ ಮೇ ತಿಂಗಳ ಸೆಕೆಗೆ ಮೈಯೆಲ್ಲ ಒದ್ದೆಯಾಗುತ್ತದೆ, ಅದು ಬೇರೆ. ಅಂಗೈ, ಬೆರಳಿನ ಬೆವರು ಮನಸ್ಸಿನ ಕಳವಳಕ್ಕೆ ಬೇಗ ಓಗೊಡುತ್ತದೆ. ಪ್ರಶ್ನೆ ಕಿವಿಗೆ ಬಿದ್ದು ಒಂದರಿಂದ ಮೂರು ಸೆಕೆಂಡಿನಲ್ಲಿ ಯಂತ್ರದ ಗೆರೆ ಮೇಲೇಳುತ್ತದೆ. ಕತ್ತಲಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ನರಗಳದ್ದೇ ಈ ಕೆಲಸವೂ. ಭಯ ಕಳ್ಳನದ್ದೋ, ಸುಮ್ನೆ ಸಿಕ್ಕಿಬಿದ್ದವನದ್ದೋ, ಆ ನರಗಳಿಗೆ ಗೊತ್ತಿಲ್ಲ.

ಹಾಗಾಗಿ ಪರೀಕ್ಷೆಯ ಜೀವ ಇರುವುದು ಪ್ರಶ್ನೆಯಲ್ಲಿ. "ಬಳೆ ಕದ್ದದ್ದು ನೀನಾ?" ಅಂತ ಮಾತ್ರ ಕೇಳಿದರೆ ಯಾರೇ ಆದರೂ ಬೆವರುತ್ತಾರೆ. ಅದಕ್ಕೇ ಜೊತೆಗೆ "ನಿನ್ನದಲ್ಲದ ವಸ್ತುವನ್ನು ಯಾವತ್ತಾದರೂ ತೆಗೆದುಕೊಂಡದ್ದುಂಟಾ?" ಅಂತಲೂ ಕೇಳುತ್ತಾರೆ. ಕದ್ದವನಿಗೆ ಮೊದಲನೆಯದು, ತಪ್ಪು ಮಾಡದವನಿಗೆ ಈ ಎರಡನೆಯದೇ ಜಾಸ್ತಿ ಕಳವಳ ತರುತ್ತದೆ ಅನ್ನುವುದು ಲೆಕ್ಕಾಚಾರ. ನನಗೆ ಇದರಲ್ಲಿ ನಂಬಿಕೆ ಇಲ್ಲ. 19ರ ನಾನು ಮೊದಲ ಪ್ರಶ್ನೆಗೇ ನಡುಗುತ್ತಿದ್ದೆ.

1959ರಲ್ಲಿ ಡೇವಿಡ್ ಲಿಕೆನ್ ಎಂಬ ಮನಶ್ಶಾಸ್ತ್ರಜ್ಞರು ಬೇರೆ ದಾರಿ ತೋರಿಸಿದರು. ಕದ್ದೆಯಾ ಅಂತ ಕೇಳುವುದೇ ಬೇಡ. ಬಳೆ ಎಲ್ಲಿತ್ತು? ಅಕ್ಕಿ ಡಬ್ಬಿಯಲ್ಲಾ? ಸೀರೆ ಮಡಿಕೆಯಲ್ಲಾ? ದೇವರ ಕೋಣೆಯಲ್ಲಾ? ಕದ್ದವನಿಗೆ ಮಾತ್ರ ಸರಿಯಾದ ಜಾಗ ಗೊತ್ತು. ಆ ಹೆಸರು ಬಂದಾಗ ಅವನ ಮೈ ಎಚ್ಚರಗೊಳ್ಳುತ್ತದೆ. ಗೊತ್ತಿಲ್ಲದವನಿಗೆ ಎಲ್ಲವೂ ಒಂದೇ, ಎಷ್ಟು ಹೆದರಿದ್ದರೂ. ಎಂಥ ಚಂದದ ಯೋಚನೆ ಅಲ್ವಾ? ಆದರೆ ವಿವರಗಳು ಮೊದಲೇ ಪೇಪರಿನಲ್ಲಿ, ಟಿವಿಯಲ್ಲಿ ಬಂದುಬಿಟ್ಟರೆ ಈ ದಾರಿ ಮುಚ್ಚಿದ ಹಾಗೆ.

ಇನ್ನು ಗಟ್ಟಿ ಎದೆಯವರು. ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿದ್ದು ಸೋವಿಯತ್ ಪರ ಗೂಢಚಾರಿಕೆ ಮಾಡಿದ ಆಲ್ಡ್ರಿಚ್ ಏಮ್ಸ್ 1986ರಲ್ಲಿ, 1991ರಲ್ಲಿ ಎರಡು ಸಲ ಈ ಪರೀಕ್ಷೆ ದಾಟಿದ. ಸಿಕ್ಕಿಬಿದ್ದದ್ದು 1994ರಲ್ಲಿ.

ನಮ್ಮ ರಾಜ್ಯದ ಹೆಸರೇ ಇರುವ ತೀರ್ಪೊಂದಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010ರ ಮೇ 5. ಒಪ್ಪಿಗೆ ಇಲ್ಲದೆ ಯಾರನ್ನೂ ಪಾಲಿಗ್ರಾಫ್‌ಗೆ ಕೂರಿಸುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಒಪ್ಪಿದರೂ ಅದರ ಫಲಿತಾಂಶವೇ ಸಾಕ್ಷಿಯಾಗದು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ವಕೀಲರ ನೆರವು ಸಿಗಬೇಕು. ನಿಮ್ಮ ಮನೆಯವರನ್ನೋ ನೆರೆಯವರನ್ನೋ ಠಾಣೆಗೆ ಕರೆದರೆ ದಯವಿಟ್ಟು ಇದನ್ನು ನೆನಪಿಡಿ.

ಅಂದ ಹಾಗೆ, ಆ 540 ರೂಪಾಯಿ. ಮೂರನೇ ದಿನ ಅಂಗಡಿಯ ಹಳೆಯ ರೈಟರು ಬಂದರು. ನನ್ನ ಮುಖ ನೋಡಲಿಲ್ಲ. 540ನ್ನು ಒಂಬತ್ತರಿಂದ ಭಾಗಿಸಿದರು, ಶೇಷ ಉಳಿಯಲಿಲ್ಲ. ಬರೆಯುವಾಗ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಹೀಗೆಯೇ ಭಾಗವಾಗುತ್ತದೆ. "ಅಂಕಿ ಅದಲುಬದಲಾಗಿರಬಹುದು, ಪುಸ್ತಕ ತಾ" ಅಂದರು. ಬಂದದ್ದು 280 ರೂಪಾಯಿ. ನಾನು 820 ಅಂತ ಬರೆದಿದ್ದೆ.

ನಮಸ್ಕಾರ.