ಲೈಸೆನ್ಸೇ ಇಲ್ಲದವರ ಹೆಸರಿನ ರಸ್ತೆ

ಈಗ ನಾನು ಕಾರಲ್ಲಿ ಹೋಗ್ತಿರೋದು ಕೆನಡಾದ ಹ್ಯಾಮಿಲ್ಟನ್‌ನಲ್ಲಿ, 'ಲಿಂಕ್' ಅನ್ನೋ ಹೆದ್ದಾರಿ ಮೇಲೆ. ಪೂರ್ತಿ ಹೆಸರು ಲಿಂಕನ್ ಎಂ. ಅಲೆಕ್ಸಾಂಡರ್ ಪಾರ್ಕ್‌ವೇ, 1997ರಲ್ಲಿ ಶುರುವಾಯ್ತು. ತಮಾಷೆ ಗೊತ್ತಾ? ರಸ್ತೆಗೆ ಯಾರ ಹೆಸರಿಟ್ರೋ ಆ ಪುಣ್ಯಾತ್ಮ ಲಿಂಕನ್ ಅಲೆಕ್ಸಾಂಡರ್‌ಗೆ ಡ್ರೈವಿಂಗ್ ಲೈಸೆನ್ಸೇ ಇರಲಿಲ್ಲ!

ಹುಟ್ಟಿದ್ದು 1922ರಲ್ಲಿ, ಟೊರಾಂಟೊದಲ್ಲಿ. ಅಮ್ಮ ಜಮೈಕಾದವರು, ಮನೆಗೆಲಸ ಮಾಡ್ತಿದ್ರು. ಅಪ್ಪನಿಗೆ ಬಡಗಿ ಕಸುಬು ಗೊತ್ತಿತ್ತು, ಆದ್ರೆ ಸಿಕ್ಕಿದ್ದು ರೈಲಲ್ಲಿ ಪೋರ್ಟರ್ ಕೆಲಸ. ಆ ಕಾಲದಲ್ಲಿ ಅಲ್ಲಿ ಕಪ್ಪು ಜನರಿಗೆ ಸಿಗ್ತಿದ್ದಿದ್ದೇ ಅಂಥವು.

ಎರಡನೇ ಮಹಾಯುದ್ಧದಲ್ಲಿ ಮಗ ವಾಯುಪಡೆ ಸೇರಿ ವೈರ್‌ಲೆಸ್ ಆಪರೇಟರ್ ಆದ್ರು. ವ್ಯಾಂಕೂವರ್‌ನ ಒಂದು ಬಾರ್‌ನಲ್ಲಿ, ಮೈಮೇಲೆ ಯೂನಿಫಾರ್ಮ್ ಇದ್ರೂ, ಇವರಿಗೆ ಡ್ರಿಂಕ್ ಕೊಡಲಿಲ್ಲ. ಮೇಲಧಿಕಾರಿಗೆ ದೂರು ಕೊಟ್ರೆ ಅವರೂ ಕಿವಿಗೆ ಹಾಕ್ಕೊಳ್ಳಲಿಲ್ಲ.

ನನಗಂತೂ ಇದಕ್ಕಿಂತ ಜಾಸ್ತಿ ಚುಚ್ಚೋದು ಮುಂದಿನ ಕಥೆ. 1949ರಲ್ಲಿ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿ ಡಿಗ್ರಿ ಹಿಡ್ಕೊಂಡು ಹ್ಯಾಮಿಲ್ಟನ್‌ನ ಉಕ್ಕಿನ ಕಂಪನಿಗೆ ಹೋದ್ರು, ಸೇಲ್ಸ್ ಕೆಲಸ ಕೇಳ್ಕೊಂಡು. ಅದು ಕೊಡಲ್ಲ, ಬೇಕಾದ್ರೆ ಕಾರ್ಖಾನೆ ಒಳಗೆ ಮೈಬಗ್ಗಿಸೋ ಕೆಲಸ ಇದೆ ಅಂದ್ರು. ಒಲ್ಲೆ ಅಂದವರು ನೇರ ಕಾನೂನು ಓದಕ್ಕೆ ಹೋದ್ರು, 1953ರಲ್ಲಿ ಮುಗಿಸಿದ್ರು.

1968ರ ಚುನಾವಣೆ. ದೇಶದ ತುಂಬಾ ಟ್ರುಡೊ ಅಲೆ. ಜಸ್ಟಿನ್ ಅಲ್ಲ, ಅವರಪ್ಪ ಪಿಯರ್. ಆ ಅಲೆಗೆ ಎದುರಾಗಿ, ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದಿಂದ ಹ್ಯಾಮಿಲ್ಟನ್ ವೆಸ್ಟ್‌ನಲ್ಲಿ ಗೆದ್ದು ಕೆನಡಾದ ಮೊದಲ ಕಪ್ಪು ಸಂಸದರಾದ್ರು. ಮೊದಲ ಭಾಷಣದಲ್ಲೇ ಹೇಳಿದ್ರು: ನಾನು ಕಪ್ಪು ಜನರ ವಕ್ತಾರ ಅಲ್ಲ, ಆ ಗೌರವ ನನಗೆ ಯಾರೂ ಕೊಟ್ಟಿಲ್ಲ, ಆದ್ರೆ ಅವರ ಪರವಾಗಿ, ಭೇದಭಾವಕ್ಕೆ ಸಿಕ್ಕವರೆಲ್ಲರ ಪರವಾಗಿ ಮಾತಾಡೋ ಹೊಣೆ ಹೊತ್ಕೋತೀನಿ, ಅಂತ. ಎಷ್ಟು ಅಳೆದು ತೂಗಿದ ಮಾತು ನೋಡಿ.

1979ರಲ್ಲಿ ಪ್ರಧಾನಿ ಜೋ ಕ್ಲಾರ್ಕ್ ಸಂಪುಟದಲ್ಲಿ ಕಾರ್ಮಿಕ ಸಚಿವ. ಆ ಸರ್ಕಾರ ವರ್ಷವೂ ಬಾಳಲಿಲ್ಲ ಬಿಡಿ.

1985ರಲ್ಲಿ, ಹ್ಯಾಮಿಲ್ಟನ್ ಇರೋ ಒಂಟಾರಿಯೊ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್. ನಮ್ಮ ರಾಜ್ಯಪಾಲರ ಹಾಗೆ ಅಂದ್ಕೊಳ್ಳಿ, ಆದ್ರೆ ಇವರು ರಾಣಿಯ ಪ್ರತಿನಿಧಿ, ಅಂದ್ರೆ ಆಗ ಕೆನಡಾಗೂ ರಾಣಿಯಾಗಿದ್ದ ಬ್ರಿಟನ್‌ನ ಎಲಿಜಬೆತ್ ಪ್ರತಿನಿಧಿ. ಶಾಸನಸಭೆ ಪಾಸ್ ಮಾಡಿದ ಮಸೂದೆಗೆ ರಾಣಿ ಹೆಸರಲ್ಲಿ ಅಂಕಿತ ಹಾಕೋರು. ಕೆನಡಾದಲ್ಲಿ ಆ ಥರದ ಹುದ್ದೆಗೆ ಬಂದ ಮೊದಲ ಕಪ್ಪು ವ್ಯಕ್ತಿ ಇವರೇ. ಬಾರ್‌ನಲ್ಲಿ ಒಂದು ಗ್ಲಾಸ್ ಸಿಗದ ಮನುಷ್ಯನ ಸಹಿ ಇಲ್ಲದೆ ಇಡೀ ಪ್ರಾಂತ್ಯದಲ್ಲಿ ಕಾನೂನು ಆಗ್ತಿರಲಿಲ್ಲ, 1991ರವರೆಗೆ.

2012ರಲ್ಲಿ, 90ನೇ ವಯಸ್ಸಲ್ಲಿ ತೀರಿಕೊಂಡ್ರು. ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆದಿದ್ದು ಇದೇ ಹ್ಯಾಮಿಲ್ಟನ್‌ನಲ್ಲಿ. ಅವರ ಹುಟ್ಟುಹಬ್ಬ, ಜನವರಿ 21, ಈಗ ಇಲ್ಲಿ ಲಿಂಕನ್ ಅಲೆಕ್ಸಾಂಡರ್ ದಿನ.

ಓ, ಅಪ್ಪರ್ ಜೇಮ್ಸ್ ಎಕ್ಸಿಟ್ ಬಂತು. ಇಂಡಿಕೇಟರ್ ಹಾಕ್ತೀನಿ.