ಹಟ್ಟಿಯ ವಾಸನೆಯೂ ಯೂರಿಯಾ ಗೋಣಿಯೂ

ಬದಿಯಡ್ಕದ ಸುತ್ತಮುತ್ತಲಿಂದ ಬಂದ ಕೃಷಿಕ ಬಂಧುಗಳಿಗೆಲ್ಲ ನಮಸ್ಕಾರ.

ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ವಾಸನೆ ನಿಮಗೆಲ್ಲ ಗೊತ್ತು, ಅಲ್ವಾ? ಅದೇ ಅಮೋನಿಯಾ. ದನದ ಗಂಜಲದಲ್ಲಿರುವ ಯೂರಿಯಾ ಒಡೆದು ಹುಟ್ಟುವ ಅನಿಲ. ನಾವು ಗೋಣಿಯಲ್ಲಿ ತರುವುದೂ ಅದೇ ಯೂರಿಯಾ. ಆದರೆ ಅದರ ಸಾರಜನಕ ಬಂದದ್ದು ಗಾಳಿಯಿಂದ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ತೋಟದ ಮೇಲೆಲ್ಲ ತುಂಬಿಕೊಂಡಿದೆ. ಆದರೂ ಅಡಿಕೆ ಮರಕ್ಕೆ ದಕ್ಕುವುದಿಲ್ಲ. ಅದರ ಪರಮಾಣುಗಳು ಎರಡೆರಡಾಗಿ ಅಷ್ಟು ಬಿಗಿಯಾಗಿ ಅಂಟಿಕೊಂಡಿವೆ. ಅಲಸಂಡೆಯ ಬೇರುಗಂಟಿನ ಬ್ಯಾಕ್ಟೀರಿಯಾ ಆ ಅಂಟನ್ನು ಸದ್ದಿಲ್ಲದೆ ಬಿಡಿಸುತ್ತದೆ. ಮನುಷ್ಯನಿಗೆ ಮಾತ್ರ ಬೆಂಕಿಯೂ ಬೇಕು, ಒತ್ತಡವೂ ಬೇಕು.

1909ರಲ್ಲಿ ಜರ್ಮನಿಯ ಫ್ರಿಟ್ಸ್ ಹಾಬರ್ ಪ್ರಯೋಗಶಾಲೆಯಲ್ಲಿ ಸಾರಜನಕ, ಜಲಜನಕ ಸೇರಿಸಿ ಅಮೋನಿಯಾ ತೊಟ್ಟಿಕ್ಕಿಸಿ ತೋರಿಸಿದರು. ಅದನ್ನು ಕಾರ್ಖಾನೆಗೆ ತಂದವರು ಕಾರ್ಲ್ ಬಾಷ್. ನನಗೆ ಬಾಷ್ ಮೇಲೆ ಪ್ರೀತಿ ಜಾಸ್ತಿ. ಅವರ ಮೊದಲ ಉಕ್ಕಿನ ಕೊಳವೆಗಳು ಕೆಲವೇ ದಿನಗಳಲ್ಲಿ ಒಡೆದುಹೋದವು. ಆ ಕಾವಿನಲ್ಲಿ ಜಲಜನಕ ಉಕ್ಕಿನೊಳಗೇ ನುಗ್ಗಿ ಅದರ ಇಂಗಾಲವನ್ನು ಕಸಿದುಕೊಳ್ಳುತ್ತಿತ್ತು. ಬಾಷ್ ಒಳಗೆ ಮೆದು ಕಬ್ಬಿಣದ ಕೊಳವೆ ಇಟ್ಟರು. ಹೊರಗಿನ ಗಟ್ಟಿ ಉಕ್ಕಿಗೆ ಸಣ್ಣ ಸಣ್ಣ ತೂತು ಕೊರೆಸಿದರು. ಸೋರಿದ ಜಲಜನಕ ಉಕ್ಕಿಗೆ ಕೈಹಾಕದೆ ಆ ತೂತಿನಿಂದ ಹೊರಗೆ ಹೋಯಿತು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತಿಗೂ ದಾರಿ ಹೆಚ್ಚುಕಡಿಮೆ ಅದೇ: 400–500 ಡಿಗ್ರಿ ಕಾವು, ಗಾಳಿಯ ಒತ್ತಡದ ನೂರೈವತ್ತು-ಇನ್ನೂರು ಪಟ್ಟು ಒತ್ತಡ, ನಡುವೆ ಕೆಲಸ ಚುರುಕಾಗಿಸುವ ಕಬ್ಬಿಣದ ವೇಗವರ್ಧಕ.

ಜಲಜನಕ ಎಲ್ಲಿಂದ? ಹೆಚ್ಚಾಗಿ ನೈಸರ್ಗಿಕ ಅನಿಲದಿಂದ. ಅದನ್ನು ಹಬೆಯ ಜೊತೆ ಕಾಯಿಸಿ ಜಲಜನಕ ಬೇರ್ಪಡಿಸುತ್ತಾರೆ. ಮಂಗಳೂರು ಪಣಂಬೂರಿನ ಗೊಬ್ಬರದ ಕಾರ್ಖಾನೆ ಮೊದಲು ಕಚ್ಚಾ ತೈಲದಿಂದ ಬರುವ ನಾಫ್ತಾ ಬಳಸುತ್ತಿತ್ತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ನೈಸರ್ಗಿಕ ಅನಿಲದ ಪೈಪ್‌ಲೈನ್ ಉದ್ಘಾಟನೆಯಾಯಿತು. ಉದ್ದ 450 ಕಿಲೋಮೀಟರ್. ಅದು ನಮ್ಮ ಕಾಸರಗೋಡು ಜಿಲ್ಲೆಯನ್ನು ದಾಟಿ, ಚಂದ್ರಗಿರಿ ಹೊಳೆಯ ಅಡಿಯಿಂದ ಹಾದುಹೋಗುತ್ತದೆ. ನಮ್ಮ ಕಾಲಡಿಯ ಅನಿಲವೇ ಈಗ ಅಲ್ಲಿ ಅಮೋನಿಯಾ ಆಗಿ, ಅದರಿಂದ ಯೂರಿಯಾ ಗೊಬ್ಬರವಾಗುತ್ತಿದೆ.

ಈಗ ಲೆಕ್ಕ. ಗೋಣಿಯಲ್ಲಿ 45 ಕೆ.ಜಿ. ಯೂರಿಯಾ, ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಸುಮಾರು 20 ಕೆ.ಜಿ. ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವಂತೆ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಸಾಕು, ಜೊತೆಗೆ ಸೊಪ್ಪು, ಹಟ್ಟಿಗೊಬ್ಬರ. ಒಂದು ಗೋಣಿ ಇನ್ನೂರು ಮರಕ್ಕೆ ಬರಬೇಕು. ನಮ್ಮ ತೋಟದಲ್ಲಿ ನೂರಕ್ಕೂ ಬರುತ್ತಿರಲಿಲ್ಲ. ಅಪ್ಪ ಬುಡದ ಮೇಲೆ ಸುಮ್ನೆ ಎರಚಿ ಬರುತ್ತಿದ್ದರು. ಮರುದಿನ ತೋಟಕ್ಕೆ ಇಳಿದರೆ ಹಟ್ಟಿಯದೇ ವಾಸನೆ. ಅಷ್ಟು ಬೆಂಕಿ ಹಾಕಿ ಹಿಡಿದು ತಂದ ಸಾರಜನಕ ಗಾಳಿಗೇ ವಾಪಸ್ ಹೋಗುತ್ತಿತ್ತು. ನನಗೆ ಆಗ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ.

ಮೇಜಿನ ಮೇಲೆ ಎರಡು ಡಬ್ಬಿ ಇಟ್ಟಿದ್ದೇನೆ. ಎರಡರಲ್ಲೂ ನಮ್ಮ ತೋಟದ ಒದ್ದೆ ಮಣ್ಣು, ಒಂದೊಂದು ಚಮಚ ಯೂರಿಯಾ, ಹಾಕಿ ಮೂರು ದಿನ ಆಯಿತು. ಒಂದರಲ್ಲಿ ಮೇಲೆ ಉದುರಿಸಿದ್ದೇನೆ. ಇನ್ನೊಂದರಲ್ಲಿ ನಾಲ್ಕು ಬೆರಳು ಮಣ್ಣು ಮುಚ್ಚಿದ್ದೇನೆ. ಒಬ್ಬೊಬ್ಬರೇ ಬಂದು ಮೂಸಿ ನೋಡಿ.